ಬಿಳಿ ನಾಲ್ಕರ ಮನೆ

ಭಾಲ್ಕಿ
ಕಾರ್ತಿಕ ಶುದ್ಧ ಪಂಚಮಿ, ಫಸಲಿ ೧೩೩೩

ಪೇಟಿ ಮಾಸ್ತರ ಹಾವಗೆಪ್ಪನವರ ಪಾದಕ್ಕೆ ಪಂಢರಿಯ ಶರಣು.

ನಮ್ಮ ನಾಟಕ ಕಂಪನಿ ಭಾಲ್ಕಿಗೆ ಬಂದು ಇಪ್ಪತ್ತು ದಿನವಾಯಿತು. ಕೋಟೆಯ ಹಿಂದಿನ ಬಯಲಿನಲ್ಲಿ ಡೇರೆ ಹೊಡೆದಿದ್ದೇವೆ. ಸಾಯಗಾಂವದಿಂದ ಜನ ಬಂಡಿ ಕಟ್ಟಿಕೊಂಡು ಬರುತ್ತಾರೆ. ಯಾರ ಹಾಡು ಕೇಳಲಿಕ್ಕೆ ಅಂತ ಬರೆದರೆ ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ಆದರೆ ಈ ಸಲ ಬರೆಯದೆ ಗತಿಯಿಲ್ಲ. ನಿಮ್ಮ ಮಗ ಮಡೆಪ್ಪ ಒಂದು ಮನೆ ಇಳಿದಿದ್ದಾನೆ.

ಹಾರ್ಮೋನಿಯಂ ಪೇಟಿಯ ಬಿಳಿ, ಕರಿ ಪಟ್ಟಿಗಳನ್ನು ಎಣಿಸಿ ಒಂದೊಂದಕ್ಕೂ ‘ಮನೆ’ ಅನ್ನಲಿಕ್ಕೆ ಕಲಿಸಿದವರೇ ನೀವು. ಕಂಪನಿ ಸೇರಿದ ಏಳು ವರ್ಷದಿಂದ ಅವನ ‘ಸಾ’ ಬಿಳಿ ನಾಲ್ಕರ ಮನೆಯಲ್ಲೇ. ಗಂಡಸರಲ್ಲಿ ಅಷ್ಟು ಮೇಲೆ ನಿಂತು ಹಾಡುವವರು ಈ ಕಡೆ ಯಾರಿದ್ದಾರೆ? ಅದಕ್ಕೇ ಅವನಿಗೆ ರಾಣಿಯ ಪಾತ್ರ, ಅದಕ್ಕೇ ಡೇರೆ ತುಂಬುತ್ತದೆ. ಹೋದ ಸೋಮವಾರ ಬಣ್ಣ ಹಚ್ಚಿಕೊಳ್ಳುತ್ತ ಮೆಲ್ಲಗೆ ಹೇಳಿದ, “ಪಂಢರಿ, ಇವತ್ತು ಬಿಳಿ ಮೂರರಾಗ ಹಿಡಿ. ಗಂಟಲಾಗ ಧೂಳ ಕೂತದ.” ಧೂಳು ಇನ್ನೂ ಎದ್ದಿಲ್ಲ.

ನಿಮ್ಮ ಬೀದರಿನ ಹಕೀಮ ಫಕ್ರೋದ್ದೀನ ಸಾಹೇಬರು ಸಂತೆಗೆ ಬಂದಾಗ ತೋರಿಸಿದೆವು. ದೀಪ ಹಿಡಿದು ಗಂಟಲು ನೋಡಿದರು. “ಒಳಗ ಸಣ್ಣ ಗಂಟು ಅದ. ಔಷಧ ಕೊಡ್ತೇನಿ. ನಿನ್ನ ಸುರ ಇನ್ನೂ ಇಳೀತು ಅಂದ್ರ ಗಂಟು ಬೆಳೀಲಿಕತ್ತದ ಅಂತ ತಿಳಕೊ. ಅವತ್ತೇ ಬಾಯಿ ಮುಚ್ಚು. ಮೂರು ತಿಂಗಳು ಹಾಡೂ ಇಲ್ಲ, ಮಾತೂ ಇಲ್ಲ” ಅಂದರು. ಮಡೆಪ್ಪ ಒಪ್ಪಿದ್ದಾನೆ. “ಎರಡನೇ ಮನಿ ಇಳಿದ ದಿನ ನಿಲ್ಲಸ್ತೀನ್ರಿ” ಅಂದ. ನಮ್ಮ ಮಾಲಕ ಮಲ್ಲಿಕಾರ್ಜುನಪ್ಪನವರ ಮುಖ ಮಾತ್ರ ಸುಟ್ಟ ಬದನೆಕಾಯಿ ಆಗಿತ್ತು.

ಈಗ ನನ್ನ ಕಷ್ಟ. ಏಳು ವರ್ಷ ಒಂದೇ ಮನೆಯಲ್ಲಿ ನುಡಿಸಿದ ಕೈ ಇದು. ಬಿಳಿ ಮೂರಕ್ಕೆ ಬಂದರೆ ಬೆರಳಿಗೆ ಊರೇ ಗುರುತು ಸಿಗುವುದಿಲ್ಲ. ದಾರಿ ತೋರಿಸಿರಿ. ಬೇರೆಯವರು ನನ್ನನ್ನು ಹೊಸ್ತಿಲಾಚೆ ನಿಲ್ಲಿಸುವ ಕಾಲದಲ್ಲಿ ನಿಮ್ಮ ಅಂಗಡಿಯ ಹಲಗೆಯ ಮೇಲೆ ಪಕ್ಕಕ್ಕೆ ಕೂಡಿಸಿಕೊಂಡು ಕಲಿಸಿದವರು ನೀವು. ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ಅವನು ನಿಮ್ಮ ಹೆಸರು ಎತ್ತುವುದಿಲ್ಲ. ಆದರೆ ನೀವು ಕಟ್ಟಿದ ಈ ಪೇಟಿಯ ಮೇಲೆ ಯಾರಾದರೂ ಎಲೆ ಅಡಿಕೆ ಇಟ್ಟರೆ ಜಗಳಕ್ಕೆ ಬೀಳುತ್ತಾನೆ.

ನಿಮ್ಮ ಪಂಢರಿ


ಬೀದರ, ಚೌಬಾರದ ಓಣಿ
ಕಾರ್ತಿಕ ಶುದ್ಧ ದ್ವಾದಶಿ

ಪಂಢರಿಗೆ ಹಾವಗೆಪ್ಪನ ಆಶೀರ್ವಾದ, ಅದರ ಹಿಂದೆಯೇ ಎರಡು ಬೈಗಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೆರಳಿಗೆ ಊರು ಗುರುತು ಸಿಗುವುದಿಲ್ಲವಂತೆ! ಮಂಗ್ಯಾ, ನಾನು ಬಾರಿಸಿಕೊಂಡು ಕಲಿಸುವಾಗ ನೀನು ಕಿವಿಯಲ್ಲಿ ಅರಳೆ ಇಟ್ಟುಕೊಂಡಿದ್ದೆಯಾ? ಬಿಳಿ ನಾಲ್ಕರಲ್ಲಿ ಕೂತರೆ ದಾರಿಯಲ್ಲಿ ಸಿಗುವುದು ಒಂದೇ ಕರಿ ಮನೆ. ಬಿಳಿ ಮೂರರಲ್ಲಿ ಕೂತರೆ ನಾಲ್ಕು ಕರಿ. ನೀನು ಬಣ್ಣ ನೋಡಿ ನಡೆಯುವವನು, ಅದಕ್ಕೇ ಎಡವುತ್ತಿ. ಬಣ್ಣ ಬಿಡು, ದೂರ ಎಣಿಸು. ಸಾದಿಂದ ರೀಗೆ ಎರಡು ಮನೆ, ಅಲ್ಲಿಂದ ಗಾಕ್ಕೆ ಎರಡು, ಮಾಕ್ಕೆ ಒಂದು. ಮುಂದೆ ಎರಡು, ಎರಡು, ಎರಡು, ಕೊನೆಗೆ ಒಂದು. ಹೊರಡುವ ಮನೆ ಯಾವುದಾದರೂ ಇರಲಿ, ನಡುವಿನ ದೂರ ಬದಲಾಗುವುದಿಲ್ಲ. ಕಣ್ಣು ಮುಚ್ಚಿಕೊಂಡು ದಿನಕ್ಕೆ ನೂರು ಸಲ ನಡೆ. ಎಂಟು ದಿನದಲ್ಲಿ ಬೆರಳು ತಾನೇ ಹೋಗುತ್ತದೆ.

ಅವನು ಹ್ಯಾಗಿದ್ದಾನೆ ಅಂತ ನಾನು ಕೇಳುವುದಿಲ್ಲ. ಮನೆ ಬಿಟ್ಟು ಹೋದವನು ಮನೆ ಇಳಿದರೆ ನನಗೇನು? ಆದರೂ ಇನ್ನು ಮುಂದೆ ಪ್ರತಿ ಕಾಗದದಲ್ಲಿ ಯಾವ ಮನೆ ಅಂತ ಬರೆ. ಪೇಟಿ ಕಟ್ಟಿದವನಿಗೆ ಅಷ್ಟು ತಿಳಿದಿರಬೇಕು.

ಅವನು ಮನೆ ಬಿಟ್ಟ ದಿನ ಅಂಗಡಿಯಲ್ಲಿ ನೀನೂ ಇದ್ದಿ. ವಿಮಲಾಬಾಯಿ ತೀರಿಹೋಗಿ ತಿಂಗಳಾಗಿರಲಿಲ್ಲ. ಇವನು ತಾಯಿಯ ಹಸಿರು ಇಳಕಲ್ ಸೀರೆ ಗಂಟು ಕಟ್ಟಿಕೊಂಡು, ರಂಗದ ಮೇಲೆ ಉಡುತ್ತೇನೆ ಅಂತ ಹೊರಟ. ನನ್ನ ತಲೆ ನೆಟ್ಟಗಿರಲಿಲ್ಲ. “ಹೋಗು. ನಿನ್ನ ಸುರ ಇಳೀಲಿ, ಮನಿ ಮನಿ ಇಳೀಲಿ” ಅಂದುಬಿಟ್ಟೆ. ಹಡೆದವರ ಬಾಯಿ ತಾಗುತ್ತದೆ ಅನ್ನುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ವಿಷಯ ನೀನು ಅವನ ಮುಂದೆ ತೆಗೆಯಬೇಡ.

ಹಾವಗೆಪ್ಪ


ಭಾಲ್ಕಿ
ಮಾರ್ಗಶಿರ ಶುದ್ಧ ತದಿಗೆ

ಮಾಸ್ತರರೇ, ಶರಣು.

ದೂರ ಎಣಿಸುವುದು ಬಂತು. ಎರಡು ಎರಡು ಒಂದು ಅನ್ನುತ್ತ ಕಣ್ಣು ಮುಚ್ಚಿ ಕೂತರೆ ತಬಲಾದ ನಜಮೋದ್ದೀನ, “ಏನಪಾ, ಜಪಾ ಮಾಡ್ಲಿಕತ್ತೀಯೇನು?” ಅಂತ ನಗುತ್ತಾನೆ. ಬಿಳಿ ಮೂರು ಕೈಗೆ ಹತ್ತಿತು. ಹತ್ತಿದ ದಿನವೇ ಅದು ಕೆಲಸಕ್ಕೆ ಬಾರದಾಯಿತು.

ನಿನ್ನೆ ಮಡೆಪ್ಪ ಕರಿ ಎರಡು ಕೇಳಿದ.

ಬಿಳಿ ಮೂರರ ಕೆಳಗಿನದು, ಇಳಿದ ಎರಡನೇ ಮನೆ. ಹಕೀಮರ ಮುಂದೆ ಆಡಿದ ಮಾತು ಅವನಿಗೂ ನೆನಪಿತ್ತು, ನನಗೂ ಇತ್ತು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಹಾಡು ಮುಗಿಸಿ ಒಳಗೆ ಬಂದು, ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅತ್ತ. “ಅಪ್ಪನ ಬಾಯಿ ತಾಗಿತು ನನಗ, ಪಂಢರಿ. ಮನಿ ಮನಿ ಇಳೀಲಿ ಅಂದಿದ್ದ. ಹಂಗೇ ಇಳೀಲಿಕತ್ತೀನಿ ನೋಡು” ಅಂದ. ನಾನು ಆ ವಿಷಯ ತೆಗೆದಿರಲಿಲ್ಲ ಮಾಸ್ತರರೇ, ನಿಮ್ಮ ಆಣೆ. ಅವನೇ ತೆಗೆದ.

ಈ ವಾರದ ನಾಟಕದ ಖೇಳ ಮುಗಿಸಿ ಸುಮ್ಮನಾಗುತ್ತಾನಂತೆ. ಮೂರು ತಿಂಗಳು ಭಾತಂಬ್ರಾದಲ್ಲಿ ನಮ್ಮ ಮನೆಯಲ್ಲಿ ಇರು ಅಂದೆ. ಆಗಲಿ ಅಂದ. ನಿಮ್ಮ ಮನೆಗೆ ಹೋಗು ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ.

ನಿಮ್ಮ ಪಂಢರಿ


ಬೀದರ
ಮಾರ್ಗಶಿರ ಶುದ್ಧ ಷಷ್ಠಿ

ಪಂಢರಿ,

ಈ ಕಾಗದ ತರುವ ಬಂಡಿಯ ಅಯ್ಯುಬನ ಕೈಯಲ್ಲಿ ಪೇಟಿಯನ್ನು ಕೂಡಲೇ ಕಳಿಸು. ವಾರದ ಮಟ್ಟಿಗೆ ಕಂಪನಿಯ ಹಳೆಯ ಪೇಟಿಯಲ್ಲಿ ನಡೆಸು, ಅದರ ಸುರವಂತೂ ಎಂದೋ ಕೆಟ್ಟಿದೆ. ಪೇಟಿಯ ಸುರ ಏರಿವೆ, ಕೆಟ್ಟದ್ದು ಪೇಟಿ, ಗಂಟಲಲ್ಲ ಅಂತ ಮಡೆಪ್ಪನಿಗೆ ಹೇಳು. ಪೇಟಿ ಬರುವ ತನಕ ತಡಿ ಅಂತಲೂ ಹೇಳು. ಹೆಚ್ಚು ಕೇಳಬೇಡ.

ಹಾವಗೆಪ್ಪ


ಬೀದರ
ಮಾರ್ಗಶಿರ ಪೌರ್ಣಿಮೆ

ಪಂಢರಿ,

ಪೇಟಿ ಬಂತಲ್ಲ, ಮುಚ್ಚಳ ತೆಗೆದು ಒಬ್ಬನೇ ನೋಡು. ಮನೆಗಳ ಹಲಗೆಯನ್ನು ಬಿಚ್ಚಿ ಕೆಳಗೆ ಹಿತ್ತಾಳೆಯ ಹಳಿ ಕೂಡಿಸಿದ್ದೇನೆ. ಹಲಗೆ ಈಗ ಎಡಕ್ಕೆ ಸರಿಯುತ್ತದೆ. ಹಳಿಯಲ್ಲಿ ನಾಲ್ಕು ಕಚ್ಚು ಇವೆ. ಮೊದಲನೆಯದು ಖರೇ ಜಾಗ. ಒಂದು ಕಚ್ಚು ಸರಿಸಿದರೆ ಬಿಳಿ ನಾಲ್ಕು ಒತ್ತಿದಾಗ ಬಿಳಿ ಮೂರು ನುಡಿಯುತ್ತದೆ. ಎರಡು ಸರಿಸಿದರೆ ಕರಿ ಎರಡು. ಮೂರು ಸರಿಸಿದರೆ ಬಿಳಿ ಎರಡು. ನಿನ್ನ ಬೆರಳು ಬಿಳಿ ನಾಲ್ಕರ ಮೇಲೆಯೇ ಇರುತ್ತದೆ. ನೋಡುವವನ ಕಣ್ಣಿಗೆ ಬಿಳಿ ನಾಲ್ಕು, ಕೇಳುವ ಗಂಟಲಿಗೆ ಕರಿ ಎರಡು. ಐದು ದಿನ ಅಂಗಡಿ ತೆರೆದಿಲ್ಲ, ಇದೊಂದೇ ಕೆಲಸ ಮಾಡಿದ್ದೇನೆ. ಇಂಥ ಕೆಲಸ ನನ್ನ ಕೈಯಿಂದ ಮೊದಲು ಆಗಿರಲಿಲ್ಲ.

ಎರಡು ಕಚ್ಚು ಸರಿಸಿ ನುಡಿಸು. ಮಾಸ್ತರ ಸುರ ಇಳಿಸಿ ಸರಿ ಮಾಡಿದ್ದಾರೆ, ನೀನು ಬಿಳಿ ನಾಲ್ಕರಲ್ಲೇ ಇದ್ದಿ ಅಂತ ಅವನಿಗೆ ಹೇಳು. ನಜಮೋದ್ದೀನನಿಗೆ ತಬಲಾ ಇಳಿಸಬೇಕಾಗುತ್ತದೆ, ಅವನೊಬ್ಬನಿಗೆ ತಿಳಿಸು. ಮತ್ತೆ ಯಾರಿಗೂ ಬೇಡ.

ಹಕೀಮರು ಹೇಳಿದ್ದು ಹ್ಯಾಗೆ ಅಂತ ನೀನು ಬರೆಯುತ್ತಿ. ಹಕೀಮರು ನೆಗಡಿಗೂ ಮೂರು ತಿಂಗಳು ಹೇಳುತ್ತಾರೆ. ಆ ಮೂರು ತಿಂಗಳು ಅವನು ಮೂಲೆಯಲ್ಲಿ ಕೂತು ಏನು ನೆನೆಯುತ್ತಾನೆ? ಅಪ್ಪನ ಬಾಯಿ ತಾಗಿತು ಅಂತ ನೆನೆಯುತ್ತಾನೆ. ನನಗೆ ಅದನ್ನು ತಡೆಯಲಿಕ್ಕೆ ಆಗುವುದಿಲ್ಲ ಪಂಢರಿ. ನನ್ನ ಮಾತು ಸುಳ್ಳಾಗಬೇಕು. ಬಾಯಿಯಿಂದ ಆದದ್ದನ್ನು ಕೈಯಿಂದ ತಿದ್ದುತ್ತೇನೆ.

ಹಾವಗೆಪ್ಪ


ಭಾಲ್ಕಿ
ಪುಷ್ಯ ವದ್ಯ ಪಂಚಮಿ

ಮಾಸ್ತರರೇ, ಶರಣು.

ಒಂದು ತಿಂಗಳು ಬರೆಯಲಿಲ್ಲ, ಬೈಯಬೇಡಿರಿ. ಮೊದಲು ಬರೆಯಲಿಕ್ಕೆ ಪುರುಸೊತ್ತಿರಲಿಲ್ಲ, ಆಮೇಲೆ ಧೈರ್ಯ ಇರಲಿಲ್ಲ.

ನಿಮ್ಮ ಪೇಟಿ ಬಂದ ದಿನ ಮಡೆಪ್ಪ ಪರದೆಯ ಸಂದಿಯಿಂದ ನನ್ನ ಬೆರಳನ್ನೇ ನೋಡುತ್ತ ನಿಂತಿದ್ದ. ಬೆರಳು ಬಿಳಿ ನಾಲ್ಕರ ಮೇಲಿತ್ತು. ಸಾ ಹಿಡಿದ, ಹತ್ತಿತು. ಮೇಲಿನ ಸಾಕ್ಕೆ ಹೋದ, ಅದೂ ಹತ್ತಿತು. ಒಳಗೆ ಬಂದವನೇ ನನ್ನನ್ನು ಎತ್ತಿ ತಿರುಗಿಸಿದ. “ಪೇಟಿ ಕೆಟ್ಟಿತ್ತಲೇ, ನಾ ಕೆಟ್ಟಿರಲಿಲ್ಲ! ಅಪ್ಪನ ಬಾಯಿ ತಾಗಿಲ್ಲ! ಅಪ್ಪನೇ ಸರಿ ಮಾಡಿ ಕಳಿಸ್ಯಾನ!” ಅಂತ ಕೂಗಿದ. ಹಕೀಮರ ಔಷಧದ ಕುಪ್ಪಿಯನ್ನು ಡೇರೆಯ ಹಿಂದೆ ಒಡೆದು ಹಾಕಿದ. ಅವತ್ತಿನಿಂದ ವಾರಕ್ಕೆ ಐದು ಖೇಳ. ಮಾಲಕರು ಅವನಿಗೆ ದಿನಾ ಹಾಲು ತರಿಸುತ್ತಾರೆ.

ಮಾಸ್ತರರೇ, ಈಗ ಹಲಗೆ ಮೂರನೇ ಕಚ್ಚಿನಲ್ಲಿದೆ. ಹೋದ ವಾರವೇ ಸರಿಸಬೇಕಾಯಿತು. ಇನ್ನು ಕಚ್ಚು ಇಲ್ಲ. ಬೆಳಿಗ್ಗೆ ಎದ್ದರೆ ಅವನ ಮಾತು ಒಡೆದ ಬಿದಿರಿನ ಹಾಗೆ ಕೇಳಿಸುತ್ತದೆ. ಉಗುಳಿದರೆ ಕೆಂಪು. “ಎಲಿ ಅಡಕಿ ಹಾಕ್ಕೊಂಡಿದ್ದೆ” ಅನ್ನುತ್ತಾನೆ. ಮೊನ್ನೆ ಅವನು ಎಲೆ ಹಾಕಿಕೊಂಡಿರಲಿಲ್ಲ, ನಾನು ನೋಡಿದ್ದೇನೆ. ನಜಮೋದ್ದೀನ ನನ್ನ ಕೂಡ ಮಾತು ಬಿಟ್ಟಿದ್ದಾನೆ. “ನನ್ನ ತಬಲಾ ಇನ್ನ ಇಳಿಯೂದಿಲ್ಲ. ನೀವಿಬ್ಬರೂ ಗುರು ಶಿಷ್ಯ ಸೇರಿ ಅವನ್ನ ಎಲ್ಲಿಗೆ ಇಳಸ್ತೀರಿ?” ಅಂದ.

ನಾಳೆ ಬಂಡಿ ಔರಾದಕ್ಕೆ ಹೊರಡುತ್ತವೆ. ಹೇಳಿಬಿಡಲೇ? ನಿಮ್ಮ ಒಂದು ಮಾತು ಬಂದರೆ ಸಾಕು, ಹೇಳಿಬಿಡುತ್ತೇನೆ.

ನಿಮ್ಮ ಪಂಢರಿ


ಬೀದರ
ಪುಷ್ಯ ವದ್ಯ ದ್ವಾದಶಿ

ಪಂಢರಿ,

ಬೇಡ. ಫಾಲ್ಗುಣದಲ್ಲಿ ನೀವು ಬೀದರಿಗೆ ಬರುತ್ತೀರಿ. ಆಗ ನಾನೇ ಎದುರು ಕೂತು ಹೇಳುತ್ತೇನೆ. ಕಾಗದದಲ್ಲಿ ಹೇಳುವ ಮಾತಲ್ಲ ಇದು. ಅಲ್ಲಿಯ ತನಕ ಖೇಳ ಕಡಿಮೆ ಮಾಡಿಸು, ಬೆಲ್ಲ ಮೆಣಸು ಕೊಡು.

ಔರಾದ ನಮ್ಮ ಮೂಲ ಊರು. ಅಲ್ಲಿ ಅಮರೇಶ್ವರನ ಗುಡಿಯ ಕಡೆಗೆ ಅವನನ್ನು ಹೋಗಗೊಡಬೇಡ. ಯಾಕೆ ಅಂತ ಕೇಳಬೇಡ.

ಹಾವಗೆಪ್ಪ


ಔರಾದ
ಮಾಘ ಶುದ್ಧ ದಶಮಿ

ಅಪ್ಪಾವರಿಗೆ ಮಡೆಪ್ಪನ ಶರಣು.

ಏಳು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಹ್ಯಾಗೆ ಶುರು ಮಾಡುವುದು ತಿಳಿಯಲಿಲ್ಲ, ಅದಕ್ಕೇ ಕೇಳಬೇಕಾದದ್ದನ್ನೇ ಕೇಳಿಬಿಡುತ್ತೇನೆ.

ನಿನ್ನೆ ಅಮರೇಶ್ವರನ ಗುಡಿಗೆ ಹೋಗಿದ್ದೆ. ಪಂಢರಿ ಬೇಡ ಬೇಡ ಅಂದ. ನಮ್ಮೂರ ದೇವರಿಗೆ ನಾನು ಹೋಗಬಾರದೇ ಅಂತ ನಜಮೋದ್ದೀನನನ್ನು ಕರೆದುಕೊಂಡು ಹೋದೆ. ಅವನು ಹೊರಗಿನ ಕಟ್ಟೆಯ ಮೇಲೆ ಕೂತ. ನಾನು ಐದು ವರ್ಷದವನಿದ್ದಾಗ ನೀವು ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಆ ಗಂಟೆ ಬಾರಿಸಲಿಕ್ಕೆ ಹಚ್ಚಿದ್ದಿರಿ. “ಇದು ಬಿಳಿ ನಾಲ್ಕು. ಎಲ್ಲೇ ಇರು, ಈ ಸುರ ಮರೀಬ್ಯಾಡ” ಅಂದಿದ್ದಿರಿ. ಅವ್ವ ನಗುತ್ತಿದ್ದಳು.

ನಿನ್ನೆ ಗಂಟೆ ಬಾರಿಸಿ ನನ್ನ ಸಾ ಹಿಡಿದೆ. ಗಂಟೆ ನನಗಿಂತ ಮೂರು ಮನೆ ಮೇಲೆ ನಿಂತಿತ್ತು. ಮತ್ತೆ ಬಾರಿಸಿದೆ, ಮತ್ತೆ ಹಿಡಿದೆ. ಮೂರೇ ಮನೆ. ಹೊರಗೆ ಬಂದು, “ಗಂಟಿ ಏರೇದಲೋ” ಅಂದೆ. ನಜಮೋದ್ದೀನ ನೆಲ ನೋಡಿದ.

ಪೇಟಿಯ ಸುರ ಏರಿದ್ದವು, ನೀವು ಇಳಿಸಿ ಸರಿ ಮಾಡಿದಿರಿ. ಹಾಗೆಯೇ ಗಂಟೆಯೂ ಏರುತ್ತದೇನು? ಕಂಚಿಗೆ ವಯಸ್ಸಾದರೆ ಸುರ ಏರುತ್ತದೆಯೇ? ಲೋಹದ ಸಂಗತಿ ನಿಮಗೆ ಗೊತ್ತಿರುವಷ್ಟು ಈ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ಗಂಟಲಿನಲ್ಲಿ ನೋವು ಇದೆ ಅಪ್ಪಾ. ಏನು ಮಾಡಲಿ ಅಂತ ನಿರ್ಧಾರ ಮಾಡಬೇಕು. ನೀವು ಏನು ಬರೆದರೂ ಅದನ್ನೇ ನಂಬುತ್ತೇನೆ.

ನಿಮ್ಮ ಮಗ
ಮಡೆಪ್ಪ


ಬೀದರ
ಮಾಘ ಪೌರ್ಣಿಮೆ

ಚಿರಂಜೀವಿ ಮಡೆಪ್ಪನಿಗೆ ಅಪ್ಪನ ಅನೇಕ ಆಶೀರ್ವಾದ.

ತಮ್ಮಾ, ನಿನ್ನ ಅಕ್ಷರ ನೋಡಿ ಎರಡು ದಿನ ಊಟ ಸೇರಲಿಲ್ಲ, ಸಂತೋಷಕ್ಕೆ. ಅಕ್ಷರ ನಿನ್ನ ತಾಯಿಯ ರಂಗೋಲಿಯ ಹಾಗೆಯೇ ಇದೆ, ಬಲಕ್ಕೆ ವಾಲಿಕೊಂಡು.

ಗಂಟೆಯ ವಿಷಯ ಕೇಳಿದ್ದಿ. ಅದು ಹಳೆಯ ಗಂಟೆ ಅಲ್ಲ. ನಾಲ್ಕು ವರ್ಷದ ಹಿಂದೆ ಬಿರುಕು ಬಿಟ್ಟಿತ್ತು, ಕರಗಿಸಿ ಮತ್ತೆ ಎರಕ ಹೊಯ್ಸಿದರು. ಈಗಿನವರು ತೆಳ್ಳಗೆ ಹೊಯ್ಯುತ್ತಾರೆ, ತೆಳ್ಳಗಾದರೆ ಸುರ ಏರುತ್ತದೆ. ಅಷ್ಟೇ ಸಂಗತಿ. ನಿನ್ನ ಸಾ ಬಿಳಿ ನಾಲ್ಕರಲ್ಲಿಯೇ ಇದೆ. ಯೋಚನೆ ಮಾಡಬೇಡ. ಅರಿಸಿನ ಹಾಕಿದ ಹಾಲು ಕುಡಿ. ನೋವಿದ್ದರೆ ನಾಲ್ಕು ದಿನ ಹಾಡಬೇಡ.

ಬೀದರಿಗೆ ಬಂದಾಗ ಮನೆಗೆ ಬಾ. ನಿನ್ನ ಕೋಣೆಯಲ್ಲಿ ಪೇಟಿಯೊಳಗೆ ಕೂಡಿಸುವ ಸುರಪಟ್ಟಿಗಳ ಡಬ್ಬಿ ತುಂಬಿದ್ದೆ, ತೆಗೆಸಿ ಸಾರಿಸಿಟ್ಟಿದ್ದೇನೆ.

ನಿನ್ನ ಅಪ್ಪ
ಹಾವಗೆಪ್ಪ


ಭಾತಂಬ್ರಾ
ಮಾಘ ವದ್ಯ ಅಮಾವಾಸ್ಯೆ

ಮಾಸ್ತರರೇ,

ಕಂಪನಿ ಬಿಟ್ಟು ಊರಿಗೆ ಬಂದಿದ್ದೇನೆ. ಬಿಟ್ಟೆ ಅನ್ನುವುದು ಸುಳ್ಳು, ಬಿಡಿಸಿದರು. ಸುಳ್ಳು ಬರೆಯುವುದು ಇನ್ನು ಸಾಕು.

ನಿಮ್ಮ ಕಾಗದ ಬಂದಾಗ ಮಡೆಪ್ಪ ಹುಚ್ಚನ ಹಾಗೆ ನಗುತ್ತ ಓದಿದ. ನನಗೂ ಓದಿ ತೋರಿಸಿದ. ತಾಯಿಯ ರಂಗೋಲಿಯ ಮಾತು ಬಂದಲ್ಲಿ ಕಣ್ಣು ಒರೆಸಿಕೊಂಡ. ಅಷ್ಟು ಸಂತೋಷದಲ್ಲಿ ತೆಂಗಿನಕಾಯಿ ತೆಗೆದುಕೊಂಡು ಗುಡಿಗೆ ಹೋದ. ಹೊಸ ಗಂಟೆ ಯಾರು ಹೊಯ್ದರು ಅಂತ ಪೂಜಾರಿಯನ್ನು ಕೇಳಿದನಂತೆ. ಪೂಜಾರಿ, “ಹೊಸದ್ಯಾವದಪಾ? ನಮ್ಮ ಮುತ್ಯಾನ ಕಾಲದ ಗಂಟಿ ಇದು. ಒಂದ್ ದಿನಾ ಕೆಳಗಿಳಿದಿಲ್ಲ” ಅಂದನಂತೆ.

ಮಡೆಪ್ಪ ಬಂದು ಪೇಟಿಯ ಮುಚ್ಚಳ ತೆಗೆದ. ಹಳಿಯ ಕಚ್ಚುಗಳ ಮೇಲೆ ಬೆರಳು ಆಡಿಸಿದ. ಒಂದು, ಎರಡು, ಮೂರು ಅಂತ ಎಣಿಸಿದ. ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಹಲಗೆಯನ್ನು ಖರೇ ಜಾಗಕ್ಕೆ ಸರಿಸಿ, ಡೇರೆಯ ಗೂಟ ಹೊಡೆಯುವ ಸುತ್ತಿಗೆ ತಂದು, ಹಲಗೆಗೂ ಪೆಟ್ಟಿಗೆಗೂ ಸೇರಿಸಿ ದೊಡ್ಡ ಮೊಳೆ ಜಡಿದ. “ಎರಡನೇ ಮನಿಗೇ ನಿಲ್ಲಸ್ತಿದ್ದೆ. ನಿನಗೂ ಗೊತ್ತಿತ್ತು, ಅವಗೂ ಗೊತ್ತಿತ್ತು” ಅಂದ. ಅಷ್ಟೇ. ಮಾಸ್ತರರೇ, ಆ ಮಾತಿಗಿಂತ ಸುತ್ತಿಗೆಯನ್ನು ನನ್ನ ತಲೆಗೆ ಹಾಕಿದ್ದರೆ ಚೆನ್ನಾಗಿತ್ತು.

ಈಗ ಸಂಗತಿ ಕೇಳಿರಿ. ಫಾಲ್ಗುಣದ ಮೊದಲ ಶುಕ್ರವಾರ ಬೀದರಿನಲ್ಲಿ ಹೆಂಗಸರಿಗಾಗಿ ಹಗಲು ಖೇಳ ಇದೆ. ಅದರಲ್ಲಿ ಬಿಳಿ ನಾಲ್ಕರಲ್ಲೇ ಹಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಬೇರೆ ಪೇಟಿಯವನು ಬಂದಿದ್ದಾನೆ. ಆ ಗಂಟಲಿನಲ್ಲಿ ಬಿಳಿ ನಾಲ್ಕು ಇಲ್ಲ. ಒತ್ತಾಯ ಮಾಡಿದರೆ ಗಂಟು ಒಡೆಯುತ್ತದೆ ಅಂತ ಹಕೀಮರು ಆಗಲೇ ಅಂದಿದ್ದರು. ನನ್ನ ಮಾತು ಅವನು ಕೇಳುವುದಿಲ್ಲ. ನೀವು ಹೋಗಿರಿ. ಖರೇ ಹೇಳಿರಿ.

ಪಂಢರಿ


ಬೀದರ
ಶುಕ್ರವಾರ, ಫಾಲ್ಗುಣ ಶುದ್ಧ ಪಂಚಮಿ

ಮಡೆಪ್ಪಾ,

ಮೂರು ದಿನದಿಂದ ಡೇರೆಯ ಬಾಗಿಲಿಗೆ ಬರುತ್ತಿದ್ದೇನೆ. ನೀನು ಭೆಟ್ಟಿ ಕೊಡುತ್ತಿಲ್ಲ. ಇವತ್ತು ಗಂಡಸರನ್ನು ಒಳಗೆ ಬಿಡುವುದಿಲ್ಲ, ಅದಕ್ಕೇ ಹಕೀಮರ ಮನೆಯ ಅಕ್ತರಬೀಯವರ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ.

ಗಂಟೆ ಏರಿಲ್ಲ. ನೀನು ಇಳಿದಿದ್ದಿ. ನಾನು ಸುಳ್ಳು ಬರೆದೆ. ಹಾಡಬೇಡ ತಮ್ಮಾ. ಯಾವ ಮನೆಯಲ್ಲೂ ಹಾಡಬೇಡ, ನನ್ನ ಮನೆಗೆ ಬಾ.

ಅಪ್ಪ


ಬೀದರ
ಚೈತ್ರ ಶುದ್ಧ ಅಷ್ಟಮಿ

ಪಂಢರಿಗೆ ಆಶೀರ್ವಾದ.

ಒಂದು ತಿಂಗಳಿಂದ ನೀನು ಮೂರು ಕಾಗದ ಹಾಕಿದ್ದಿ. ಉತ್ತರ ಬರೆಯಲಿಕ್ಕೆ ಕೂತರೆ ಕೈ ಏಳಲಿಲ್ಲ. ಈ ಕೈಯಿಂದ ಬರೆದದ್ದು ಸಾಕಾಗಿತ್ತು.

ಅವತ್ತು ನಾನು ಡೇರೆಯ ಹೊರಗೆ, ಕನಾತಿನ ಬಟ್ಟೆಗೆ ಕಿವಿ ಹಚ್ಚಿ ನಿಂತಿದ್ದೆ. ಬಿಸಿಲು ನೆತ್ತಿಯ ಮೇಲಿತ್ತು. ಒಳಗೆ ಹೆಂಗಸರ ಗದ್ದಲ, ಕೂಸುಗಳ ಅಳು. ಅಕ್ತರಬೀ ಚೀಟಿ ಒಯ್ದು ಕೊಟ್ಟರು. ಅವನು ತಾಯಿಯ ಹಸಿರು ಸೀರೆ ಉಟ್ಟುಕೊಂಡು ತಯಾರಾಗಿ ಕೂತಿ‌ದ್ದನಂತೆ. ಚೀಟಿ ಓದಿ, ಮಡಿಚಿ, ಸೀರೆಯ ನಿರಿಗೆಯಲ್ಲಿ ಸಿಕ್ಕಿಸಿಕೊಂಡನಂತೆ. “ಚಾಚಿ, ಅಪ್ಪಗ ಹೇಳ್ರಿ, ಈ ಸಲ ಪೇಟಿಯ ಮನಿ ಖರೇ ಅದ” ಅಂದನಂತೆ. ಅವರು ಹೊರಗೆ ಬಂದು ನನಗೆ ಅದನ್ನು ಹೇಳಿ ಮುಗಿಸುವುದರೊಳಗೆ ಪೇಟಿ ಶುರುವಾಯಿತು.

ಪಂಢರಿ, ಅದು ಬಿಳಿ ನಾಲ್ಕು. ಆ ಸುರಪಟ್ಟಿಯನ್ನು ಉಜ್ಜಿ ಕೂಡಿಸಿದವನು ನಾನು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಅವನು ಸಾ ಹಿಡಿದ. ಹತ್ತಿತು. ಗದ್ದಲ ನಿಂತುಹೋಯಿತು. ಏಳು ವರ್ಷ ನಾನು ಅವನ ಹಾಡು ಕೇಳಿರಲಿಲ್ಲ, ಇಷ್ಟು ಚಂದ ಹಾಡುತ್ತಾನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಲಿಕ್ಕೆ ಬಂದವರನ್ನು ನಾನೇ ಬೈದು ಕಳಿಸಿದ್ದೆ. ಪಲ್ಲವಿ ಮುಗಿಸಿ ಮೇಲಕ್ಕೆ ಹೋದ. ಮೇಲಿನ ಸಾ ಮುಟ್ಟಿದ. ನಾನು ಕನಾತಿನ ಹಗ್ಗ ಹಿಡಿದುಕೊಂಡು, ಸಾಕೋ, ಸಾಕೋ ಅಂತ ಕೂಗಿದೆ. ಆ ಸುರದ ಮೇಲೆ ನಿಂತ. ಆಮೇಲೆ ದನಿ ಇರಲಿಲ್ಲ. ಹೊಸ ಪೇಟಿಯವನು ಅವನು ಎತ್ತಿಕೊಳ್ಳುತ್ತಾನೆ ಅಂತ ಅದೇ ಸಾಲನ್ನು ಎರಡು ಸಲ ಒಬ್ಬನೇ ನುಡಿಸಿದ. ಆಗ ಹೆಂಗಸರು ಚೀರಿದರು.

ನಾನು ಬಟ್ಟೆ ಹರಿದು ಒಳಗೆ ಹೋದೆ. ಯಾರೂ ತಡೆಯಲಿಲ್ಲ. ಹಸಿರು ಸೀರೆಯ ಎದೆಯ ಭಾಗವೆಲ್ಲ ನೆನೆದಿತ್ತು. ನಜಮೋದ್ದೀನ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ, “ಬರ್ರಿ ಮಾಸ್ತರ. ಇನ್ನ ಇಳಿಯೂದು ಏನೂ ಉಳಿದಿಲ್ಲ” ಅಂದ.

ಜೀವ ಉಳಿದಿದೆ. ಫಕ್ರೋದ್ದೀನ ಹಕೀಮರು ಹದಿನೈದು ದಿನ ನಮ್ಮ ಮನೆಯಲ್ಲೇ ಮಲಗಿ ಉಳಿಸಿಕೊಟ್ಟರು. ದನಿ ಹೋಯಿತು. ಹಾಡಲ್ಲ, ಮಾತೂ ಹೋಯಿತು, ಪಿಸುಗುಟ್ಟಲಿಕ್ಕೂ ಬರುವುದಿಲ್ಲ. ಮಾರ್ಗಶಿರದಲ್ಲೇ ಸುಮ್ಮನಾಗಿದ್ದರೆ ಗಂಟು ಕರಗುತ್ತಿತ್ತೇ ಅಂತ ಒಂದು ದಿನ ಕೇಳಿದೆ. ಹಕೀಮರು ಒಳ್ಳೆಯವರು, ನೀರು ಬೇಕು ಅಂತ ಎದ್ದು ಒಳಗೆ ಹೋದರು.

ಅವನು ಈಗ ಅಂಗಡಿಯಲ್ಲಿ ನನ್ನ ಪಕ್ಕಕ್ಕೆ, ನೀನು ಕೂಡುತ್ತಿದ್ದ ಹಲಗೆಯ ಮೇಲೆ ಕೂಡುತ್ತಾನೆ. ಸುರಪಟ್ಟಿ ಉಜ್ಜುತ್ತಾನೆ. ಕೈ ನನ್ನದಕ್ಕಿಂತ ಹಗುರ. ಮಲ್ಲಿಕಾರ್ಜುನಪ್ಪ ಪೇಟಿಯನ್ನು ಕಳಿಸಿಕೊಟ್ಟಿದ್ದಾನೆ, ಮೊಳೆ ಹಾಗೇ ಇದೆ. ಅದು ನಮ್ಮಿಬ್ಬರ ನಡುವೆ ಇರುತ್ತದೆ. ನಾನು ಏನಾದರೂ ಕೇಳಿದರೆ ಎಡಗೈಯಿಂದ ಭಾತಾ ಒತ್ತಿ ಗಾಳಿ ತುಂಬಿ ಒಂದು ಮನೆ ಒತ್ತುತ್ತಾನೆ. ಹೌದು ಅನ್ನಲಿಕ್ಕೆ ಬಿಳಿ ನಾಲ್ಕು. ಅಲ್ಲ ಅನ್ನಲಿಕ್ಕೆ ಬಿಳಿ ಎರಡು. ಇದನ್ನು ಅವನೇ ಮಾಡಿಕೊಂಡದ್ದು. ಊಟ ಬೇಕೇನೋ ಅಂದರೆ ಬಿಳಿ ನಾಲ್ಕು. ಪಂಢರಿಗೆ ಬಾ ಅಂತ ಬರೆಯಲೇನೋ ಅಂತ ಕೇಳಿದೆ, ಕೈಯಲ್ಲಿದ್ದ ಸುರಪಟ್ಟಿ ಉಜ್ಜಿ ಮುಗಿಸಿ ಬಿಳಿ ನಾಲ್ಕು ಒತ್ತಿದ. ಆದ್ದರಿಂದ ಬಾ.

ನಿನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ತಮ್ಮಾ, ನನ್ನ ಬಾಯಿ ತಾಗಿತೇನೋ ನಿನಗ?”

ಬಿಳಿ ಎರಡು ಒತ್ತಿದ. ಅಲ್ಲ ಅಂದ. ಏಳು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು. ನಗುವೇ ಬಂತು ನನಗೆ. ಅಷ್ಟಕ್ಕೇ ಬಿಡಬೇಕಿತ್ತು. ನನ್ನ ಬಾಯಿ ಯಾವಾಗ ಸುಮ್ಮನಿದ್ದೀತು?

“ಹಂಗಾದ್ರ ನನ್ನ ಕೈ ತಾಗಿತೇನು?” ಅಂದೆ.

ಅವನು ನನ್ನ ಮುಖ ನೋಡಿದ. ಭಾತಾ ಪೂರ್ತಿ ತುಂಬಿ ಬಿಳಿ ನಾಲ್ಕು ಒತ್ತಿದ, ಒಳಗಿನ ಗಾಳಿ ಮುಗಿಯುವ ತನಕ ಬೆರಳು ಎತ್ತಲಿಲ್ಲ.

ಹಾವಗೆಪ್ಪ